ಮನೆಯ ಗೋಡೆಯೂ ಪರರ ದುಃಖವೂ

ಮನೆಯ ಗೋಡೆಯ ಮೇಲೆ ಯಾವ ಚಿತ್ರವಿರಬೇಕೆಂಬ ಪ್ರಶ್ನೆಯನ್ನು ಇಂದು ಕೇವಲ ಅಭಿರುಚಿಗೆ ಬಿಟ್ಟ ಮಾತೆಂದು ಭಾವಿಸುವುದುಂಟಾದರೂ, ಭಾರತೀಯ ಕಲಾಶಾಸ್ತ್ರವು ಅದನ್ನು ವಿಧಿನಿಷೇಧಗಳ ವಿಷಯವಾಗಿಯೇ ಪರಿಗಣಿಸಿತ್ತು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಬರುವ ಚಿತ್ರಸೂತ್ರ, ಎಂದರೆ ಚಿತ್ರಕಲೆಯ ಲಕ್ಷಣಗಳನ್ನು ನಿರೂಪಿಸುವ ಭಾಗವು, ಗೃಹಸ್ಥನ ಮನೆಯಲ್ಲಿ ಶೃಂಗಾರ, ಹಾಸ್ಯ, ಶಾಂತ ಎಂಬ ಮೂರು ರಸಗಳಿಗಷ್ಟೇ ಅವಕಾಶವೆಂದೂ, ಯುದ್ಧ, ಸ್ಮಶಾನ, ಮರಣ, ದುಃಖಗಳ ಚಿತ್ರಗಳು ದೇವಾಲಯದಲ್ಲಿಯೂ ಅರಸನ ಸಭೆಯಲ್ಲಿಯೂ ಇರಬಹುದೇ ಹೊರತು ಮನೆಯಲ್ಲಿರಬಾರದೆಂದೂ ವಿಧಿಸುತ್ತದೆ. ದಿನವೂ ಕಣ್ಣಿಗೆ ಬೀಳುವುದು ಮನಸ್ಸಿನಲ್ಲಿ ಸಂಸ್ಕಾರವಾಗಿ, ಅಂದರೆ ಅರಿವಿಗೆ ಬಾರದಂತೆ ಉಳಿಯುವ ಅಚ್ಚಾಗಿ ನೆಲೆಸುತ್ತದೆಂಬ ಭಾರತೀಯ ದರ್ಶನಗಳ ಸಾಮಾನ್ಯ ತಿಳಿವಳಿಕೆಯನ್ನು ನೆನೆದರೆ ಈ ನಿಷೇಧದ ಔಚಿತ್ಯವು ಸ್ಪಷ್ಟವಾಗುತ್ತದೆ.

ಇಂದು ಅನೇಕ ದೇಶಗಳಲ್ಲಿ ಮನೆಯ ಅಲಂಕಾರವಾಗಿರುವ ಹಳೆಯ ರೈಲು ನಿಲ್ದಾಣಗಳ ಕಪ್ಪು-ಬಿಳುಪು ಛಾಯಾಚಿತ್ರಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತವೆ. 1913ರಲ್ಲಿ ತೆರೆದ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಎತ್ತರದ ಕಿಟಕಿಗಳಿಂದ ಓರೆಯಾಗಿ ಇಳಿಯುವ ಬಿಸಿಲುಕೋಲುಗಳ ಚಿತ್ರವು ಶಾಂತರಸದ್ದೆಂಬುದರಲ್ಲಿ ವಿವಾದವಿಲ್ಲ. ಆದರೆ ಅಷ್ಟೇ ಪ್ರಸಿದ್ಧವಾದ ಇನ್ನೊಂದು ಚಿತ್ರ, ಪ್ಯಾರಿಸ್ಸಿನ ಮೊಂಪಾರ್ನಾಸ್ ನಿಲ್ದಾಣದ್ದು, ಶಾಸ್ತ್ರದ ಮುಂದೆ ಕಠಿಣವಾದ ಪ್ರಶ್ನೆಯನ್ನಿಡುತ್ತದೆ.

1895ರ ಅಕ್ಟೋಬರ್ 22ರಂದು ಗ್ರಾನ್‌ವಿಲ್‌ನಿಂದ ತಡವಾಗಿ ಬರುತ್ತಿದ್ದ ಎಕ್ಸ್‌ಪ್ರೆಸ್ ರೈಲು, ಗಾಳಿಯೊತ್ತಡದ ಬ್ರೇಕು ಹಿಡಿಯದೆ, ಹಳಿಯ ಕೊನೆಯ ತಡೆಯನ್ನು ಮುರಿದು, ಸುಮಾರು 30 ಮೀಟರ್ ಉದ್ದದ ಪ್ರಾಂಗಣವನ್ನು ದಾಟಿ, ನಿಲ್ದಾಣದ ಮುಂಗೋಡೆಯನ್ನು ಒಡೆದುಕೊಂಡು ಹೊರಬಿತ್ತು. ಬೋಗಿಗಳು ಮೇಲೆಯೇ ಉಳಿದವು. ಎಂಜಿನ್ ಮಾತ್ರ ಸುಮಾರು 10 ಮೀಟರ್ ಕೆಳಗಿನ ಬೀದಿಗೆ ತಲೆಕೆಳಗಾಗಿ ಬಿದ್ದು ಗೋಡೆಗೆ ಒರಗಿ ನಿಂತಿತು. ಪ್ರಯಾಣಿಕರೆಲ್ಲರೂ ಬದುಕಿದರು. ಸತ್ತವಳು ಒಬ್ಬಳೇ: ಪತ್ರಿಕೆ ಮಾರುವ ಗಂಡನ ಬದಲಿಗೆ ಕೆಳಗೆ ಬೀದಿಯಲ್ಲಿ ವ್ಯಾಪಾರಕ್ಕೆ ಕುಳಿತಿದ್ದ ಮರೀ ಒಗಸ್ತೀನ್ ಅಗಿಲಾರ್ ಎಂಬ ಹೆಂಗಸು ಮೇಲಿನಿಂದ ಉರುಳಿದ ಕಲ್ಲಿನ ಪೆಟ್ಟಿಗೆ ಬಲಿಯಾದಳು. ಎಂಜಿನ್ ಕೆಲವು ದಿನ ಅಲ್ಲಿಯೇ ಉಳಿದುದರಿಂದ ಛಾಯಾಗ್ರಾಹಕರಿಗೆ ಬೇಕಾದಷ್ಟು ಸಮಯ ದೊರೆಯಿತು.

ಈ ಚಿತ್ರವು ಮರಣದ ಚಿತ್ರವಾಗಿದ್ದರೂ ನೋಡುವವನಿಗೆ ಹಾಗೆ ಕಾಣುವುದಿಲ್ಲ. ಹಾಸ್ಯವು ವಿಕೃತಿಯಿಂದ, ಅಂದರೆ ಇರಬೇಕಾದ ರೂಪವು ತಪ್ಪಿದುದರಿಂದ ಹುಟ್ಟುತ್ತದೆಂಬುದು ಭರತನ ನಾಟ್ಯಶಾಸ್ತ್ರದ ಅಭಿಪ್ರಾಯ. ಹಳಿಯ ಮೇಲೆ ಓಡಬೇಕಾದ ಭಾರಿ ಯಂತ್ರವು ಮಗು ಎಸೆದ ಆಟಿಕೆಯಂತೆ ಮೂಗೂರಿ ನಿಂತಿರುವುದು ಅಂತಹ ವಿಕೃತಿಯೇ ಸರಿ. ಚಿತ್ರದಲ್ಲಿ ರಕ್ತವಿಲ್ಲ, ಶವವಿಲ್ಲ, ಅಳುವವರಿಲ್ಲ. ಹೀಗೆ ಕರುಣದ ಸಂಗತಿಯೊಂದು ಹಾಸ್ಯದ ವೇಷದಲ್ಲಿ ಚಿತ್ರಸೂತ್ರದ ನಿಷೇಧವನ್ನು ದಾಟಿ ಮನೆಯೊಳಕ್ಕೆ ಬಂದಿದೆ.

ಇದನ್ನು ಸಮರ್ಥಿಸುವವರಿಗೆ ರಸಸಿದ್ಧಾಂತದಲ್ಲಿಯೇ ಆಧಾರವುಂಟು. ಭಟ್ಟನಾಯಕನು ಪ್ರತಿಪಾದಿಸಿ ಅಭಿನವಗುಪ್ತನು ಬೆಳೆಸಿದ ಸಾಧಾರಣೀಕರಣ ಎಂಬ ತತ್ತ್ವದಂತೆ, ಕಲೆಯಲ್ಲಿ ತೋರುವ ದುಃಖವು ಇಂಥವನದು, ಇಂಥ ಕಾಲದ್ದು ಎಂಬ ಗಡಿಗಳನ್ನು ಕಳೆದುಕೊಂಡು ಎಲ್ಲರಿಗೂ ಸಲ್ಲುವ ಭಾವವಾಗುತ್ತದೆ. ಸೀತೆಯ ಶೋಕವನ್ನು ರಂಗದ ಮೇಲೆ ಕಂಡವನು ಆನಂದಪಡುವುದು ಕ್ರೌರ್ಯವಲ್ಲದಿರುವುದು ಇದರಿಂದಲೇ. ಹಾಗಾದರೆ ಶತಮಾನಕ್ಕೂ ಹಿಂದಿನ ಅಪಘಾತದ ಚಿತ್ರವನ್ನು ಕಂಡು ಮೆಚ್ಚುವುದರಲ್ಲಿ ದೋಷವೇನೆಂದು ಅವರು ಕೇಳಬಹುದು.

ದೋಷವಿರುವುದು ಛಾಯಾಚಿತ್ರವನ್ನು ನಾಟಕಕ್ಕೆ ಸಮನೆಂದು ಎಣಿಸುವುದರಲ್ಲಿ. ನಟನು ಸೀತೆಯಲ್ಲ, ರಂಗದ ಮೇಲೆ ಯಾರೂ ನಿಜವಾಗಿ ನೋಯುತ್ತಿಲ್ಲ. ಛಾಯಾಚಿತ್ರವಾದರೋ ವಸ್ತುವಿನಿಂದಲೇ ಹೊರಟ ಬೆಳಕು ರಾಸಾಯನಿಕ ಲೇಪದ ಮೇಲೆ ಬಿದ್ದು ಮೂಡಿದ ಗುರುತು; ನ್ಯಾಯದರ್ಶನದ ಪರಿಭಾಷೆಯಲ್ಲಿ ಅದು ಲಿಂಗ, ಎಂದರೆ ಹೊಗೆಯು ಬೆಂಕಿಯನ್ನು ತಿಳಿಸುವಂತೆ ತನ್ನ ಕಾರಣವನ್ನು ತಿಳಿಸುವ ಸಾಧನ. ಆ ಎಂಜಿನ್ ಆ ಬೀದಿಯಲ್ಲಿ ಬಿದ್ದಿರದಿದ್ದರೆ ಆ ಚಿತ್ರವೇ ಇರುತ್ತಿರಲಿಲ್ಲ. ಆದುದರಿಂದ ಅದರ ಸೌಂದರ್ಯವನ್ನು ಸವಿಯುವವನು ಅದು ಸಾಕ್ಷಿ ನುಡಿಯುವ ಘಟನೆಗೆ, ಆ ಘಟನೆಯಲ್ಲಿ ಸತ್ತವಳಿಗೆ ಋಣಿಯಾಗುತ್ತಾನೆ. ಹೆಸರಿಲ್ಲದ ಅಲಂಕಾರವಾಗಿ ಅದನ್ನು ತೂಗುಹಾಕುವುದೆಂದರೆ ಆ ಋಣವನ್ನು ಅಲ್ಲಗಳೆದಂತೆ.

ಹಾಗೆಂದು ಚಿತ್ರವನ್ನು ತೆಗೆದುಹಾಕಬೇಕೆಂಬ ತೀರ್ಮಾನವು ಇದರಿಂದ ಬರುವುದಿಲ್ಲ. ಬೌದ್ಧ ವಿಹಾರಗಳ ಬಾಗಿಲ ಬಳಿ ಭವಚಕ್ರವನ್ನು, ಅಂದರೆ ಅನಿತ್ಯತೆಯ ಘೋರರೂಪವೊಂದು ಹಿಡಿದಿರುವ ಹುಟ್ಟುಸಾವುಗಳ ಚಕ್ರವನ್ನು ಬರೆಯುವ ಸಂಪ್ರದಾಯವು, ಮರಣದ ಚಿತ್ರವೂ ದಿನನಿತ್ಯ ಕಣ್ಣೆದುರಿರಬಹುದೆಂಬುದನ್ನು ತೋರಿಸುತ್ತದೆ. ಆದರೆ ಅಲ್ಲಿ ನೋಡುವವನಿಗೆ ತಾನು ಏನನ್ನು ನೋಡುತ್ತಿದ್ದೇನೆಂಬುದು ತಿಳಿದಿರುತ್ತದೆ. ಮರಣದ ಚಿತ್ರವು ಉಪದೇಶವಾಗುವುದೋ ಬರಿಯ ಸೊಗಸಾಗುವುದೋ ಎಂಬುದನ್ನು ನಿರ್ಣಯಿಸುವುದು ಈ ತಿಳಿವೇ. ಆದುದರಿಂದ ಮೊಂಪಾರ್ನಾಸ್‌ನ ಚಿತ್ರವನ್ನು ಮನೆಯಲ್ಲಿಟ್ಟುಕೊಳ್ಳುವವರು ಅದರ ಕೆಳಗೆ ದಿನಾಂಕವನ್ನೂ ಆ ಹೆಂಗಸಿನ ಹೆಸರನ್ನೂ ಬರೆದಿಡುವುದು ಉಚಿತ; ಅಷ್ಟಕ್ಕೆ ಮನಸ್ಸೊಪ್ಪದಿದ್ದರೆ ಚಿತ್ರಸೂತ್ರದ ನಿಷೇಧವನ್ನು ಪಾಲಿಸುವುದೇ ಲೇಸು.