ಮಳೆಯಲ್ಲಿ ನಿಮ್ಮ ಬದಲಿಗೆ ನೆನೆಯುವವರು

ಪುಷ್ಯ ಮಳೆ ಹಿಡಿದಿದೆ. ಎರಡು ದಿನಗಳಿಂದ ಸೂರ್ಯನ ಮುಖ ಕಂಡಿಲ್ಲ. ಮನೆಯಲ್ಲಿ ಚಹಾಪುಡಿ ಮುಗಿದಿದೆ, ಹಾಲು ಬಂದಿಲ್ಲ, ಸಂಜೆಗೆ ನೆಂಟರು ಬರುತ್ತೇವೆಂದಿದ್ದಾರೆ. ಈಗ ಅಂಗಡಿಗೆ ಹೋಗುವವರು ಯಾರು?

ಇದೂ ಒಂದು ನೈತಿಕ ಪ್ರಶ್ನೆಯೇ ಎಂದು ನೀವು ನಗಬಹುದು. ಆದರೆ ಸ್ವಲ್ಪ ಯೋಚಿಸಿ ನೋಡಿರಿ. ಕೊಲೆ, ಕಳ್ಳತನ, ಮೋಸಗಳ ಬಗ್ಗೆ ನಮ್ಮ ತೀರ್ಪು ಎಂದೋ ಆಗಿಹೋಗಿದೆ. ಅವು ತಪ್ಪೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೀರ್ಪು ಆಗದೇ ಉಳಿದಿರುವುದು ಇಂತಹ ಸಣ್ಣ ವಿಷಯಗಳಲ್ಲಿಯೇ. ದಿನಕ್ಕೆ ಹತ್ತು ಬಾರಿ ನಾವು ಇವುಗಳನ್ನು ಎದುರಿಸುತ್ತೇವೆ ಮತ್ತು ಹತ್ತು ಬಾರಿಯೂ ಯೋಚಿಸದೆ ದಾಟಿಬಿಡುತ್ತೇವೆ.

ತರೀಕೆರೆಯ ಸೀಮೆಯವರಿಗೆ ಮಳೆಯ ಎರಡೂ ಮುಖಗಳು ಗೊತ್ತು. ಕಡೂರಿನ ಕಡೆಗೆ ಹೋದರೆ ಮುಗಿಲು ನೋಡುತ್ತಾ ಕಾಯುವ ಬಯಲು ನೆಲ. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ಕಡೆಗೆ ಏರಿದರೆ ಬಿಡುವಿಲ್ಲದೆ ಸುರಿಯುವ ಬೆಟ್ಟ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ 186 ಅಡಿ ತುಂಬುವುದು ಮಲೆನಾಡಿನ ಮಳೆಯಿಂದಲೇ. ಆ ನೀರಿನಿಂದಲೇ ಗದ್ದೆ ತೋಟಗಳು ಬದುಕುತ್ತವೆ. ಆದುದರಿಂದ ಮಳೆಯನ್ನು ಶಪಿಸುವ ಮಾತು ನಮ್ಮ ಬಾಯಿಂದ ಬರಕೂಡದು. ಅದು ಅಲ್ಲಾಹನ ಕಾರುಣ್ಯ. ಪ್ರಶ್ನೆಯಿರುವುದು ಆ ಕಾರುಣ್ಯದ ನಡುವೆ ನಾವು ಪರಸ್ಪರ ಎಷ್ಟು ಕರುಣೆಯಿಂದ ನಡೆದುಕೊಳ್ಳುತ್ತೇವೆ ಎಂಬುದರಲ್ಲಿ.

ನಮ್ಮ ಹಿರಿಯರು ಮಳೆಗಾಲಕ್ಕೆ ಬೇಸಗೆಯಲ್ಲಿಯೇ ಸಿದ್ಧರಾಗುತ್ತಿದ್ದರು. ಸೌದೆ ಒಡೆದು ಒಟ್ಟುವುದು, ಅಕ್ಕಿ, ಬೇಳೆ, ಮೆಣಸಿನಕಾಯಿ, ಉಪ್ಪು ತುಂಬಿಡುವುದು, ಹಪ್ಪಳ ಸಂಡಿಗೆ ಒಣಗಿಸುವುದು, ಒಣಮೀನು ಕಟ್ಟಿಡುವುದು, ಇವೆಲ್ಲ ಮುಂಗಾರಿಗೆ ಮುನ್ನವೇ ಮುಗಿಯಬೇಕಿತ್ತು. ಹೀಗೆ ಕೂಡಿಟ್ಟ ಮನೆಯವರಿಗೆ ಜಡಿಮಳೆಯಲ್ಲಿ ಹೊರಗೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಕೂಡಿಡಲು ಕೈಯಲ್ಲಿ ಹಣವಿರಬೇಕಲ್ಲವೇ? ದಿನಗೂಲಿಯವನು ಅಂದಿನ ದುಡಿಮೆಯಿಂದ ಅಂದಿಗೆ ಬೇಕಾದಷ್ಟೇ ತರುತ್ತಾನೆ. ಮಳೆ ಹಿಡಿದರೆ ತೋಟದಲ್ಲಿ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕೂಲಿಯಿಲ್ಲ. ಆದರೂ ಕಾಲು ಕಿಲೋ ಬೇಳೆಗಾಗಿ ಅವನ ಹೆಂಡತಿ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಹೊರಡಲೇಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಡಲು ಮನೆಯವರೊಬ್ಬರು ಖುದ್ದಾಗಿ ನಿಲ್ಲಲೇಬೇಕು. ಮಳೆ ಎಲ್ಲರ ಮಾಡಿನ ಮೇಲೂ ಸಮನಾಗಿ ಬೀಳುತ್ತದೆ. ಆದರೆ ಎಲ್ಲರ ತಲೆಯ ಮೇಲೆ ಸಮನಾಗಿ ಬೀಳುವುದಿಲ್ಲ.

ಮಳೆ ಮಿತಿಮೀರಿದಾಗ ಜಿಲ್ಲಾಡಳಿತವು ಶಾಲೆಗಳಿಗೆ ರಜೆ ಸಾರುತ್ತದೆ. ಅದು ಸರಿಯಾದ ಕ್ರಮ. ಧರ್ಮವೂ ಇಂತಹ ರಿಯಾಯಿತಿಯನ್ನು ಕೊಟ್ಟಿದೆ. ಒಂದು ಮಳೆಯ ದಿನ ಹಝ್ರತ್ ಇಬ್ನು ಅಬ್ಬಾಸ್(ರ)ರವರು ಅಝಾನ್ ಕೊಡುವವರಿಗೆ, ನಮಾಝಿಗೆ ಬನ್ನಿರಿ ಎಂದು ಕರೆಯುವ ಬದಲು ಮನೆಗಳಲ್ಲಿಯೇ ನಮಾಝ್ ಮಾಡಿರೆಂದು ಸಾರಲು ಹೇಳಿದರು. ಜನರಿಗೆ ಅಚ್ಚರಿಯಾಯಿತು. ಅದಕ್ಕೆ ಅವರು, ತನಗಿಂತ ಶ್ರೇಷ್ಠರಾದವರೇ ಹೀಗೆ ಮಾಡಿದ್ದಾರೆಂದೂ, ಜನರನ್ನು ಕೆಸರಿನಲ್ಲಿ, ಜಾರುವ ನೆಲದಲ್ಲಿ ನಡೆಸುವುದು ತನಗೆ ಇಷ್ಟವಿಲ್ಲವೆಂದೂ ತಿಳಿಸಿದರು. ಈ ಘಟನೆ ಬುಖಾರಿ, ಮುಸ್ಲಿಮ್ ಎರಡೂ ಹದೀಸ್ ಗ್ರಂಥಗಳಲ್ಲಿದೆ.

ಇಲ್ಲಿ ಕೊಟ್ಟ ಕಾರಣವನ್ನು ಗಮನಿಸಿರಿ: ಕೆಸರು ಮತ್ತು ಜಾರುವ ನೆಲ. ಅಲ್ಲಾಹನ ಮಂದಿರಕ್ಕೆ ಬರುವ ದಾರಿಯಲ್ಲಿಯೂ ದಾಸನ ಕಾಲು ಜಾರಬಾರದೆಂಬ ಕಳಕಳಿ ಅಲ್ಲಿದೆ. ಹಾಗಿರುವಾಗ ನಮ್ಮ ಮನೆಯ ಬೋಂಡಾಕ್ಕೆ ಬೇಕಾದ ಕಡಲೆಹಿಟ್ಟಿಗಾಗಿ ಇನ್ನೊಬ್ಬರ ಮಗನನ್ನು ಅದೇ ಕೆಸರಿಗೆ ಇಳಿಸುವ ಹಕ್ಕು ನಮಗೆ ಎಲ್ಲಿಂದ ಬಂತು? ನಮಗಾಗಿ ರಿಯಾಯಿತಿಯನ್ನು ಪಡೆದುಕೊಂಡು, ಕೆಲಸದ ಹುಡುಗನಿಗೆ ಮಾತ್ರ "ಓಡಿ ಹೋಗಿ ತಂದುಬಿಡಪ್ಪಾ" ಎನ್ನುವವನು ಆ ರಿಯಾಯಿತಿಯ ಅರ್ಧವನ್ನಷ್ಟೇ ಓದಿದ್ದಾನೆ.

"ನಾವು ಪುಕ್ಕಟೆ ಕಳಿಸುತ್ತೇವೆಯೇ, ಹಣ ಕೊಡುತ್ತೇವಲ್ಲ?" ಎಂದು ಕೆಲವರು ಕೇಳುತ್ತಾರೆ. ಇನ್ನೂ ಕೆಲವರು, "ನಾವು ಕಳಿಸದಿದ್ದರೆ ಅವನ ಅಂದಿನ ಸಂಪಾದನೆಯೇ ತಪ್ಪುತ್ತದೆ, ಅದು ದಯೆಯೇ?" ಎನ್ನುತ್ತಾರೆ. ಎರಡನೆಯ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಮಕ್ಕಳ ಮುಂದೆಯೂ ಇದೇ ಪ್ರಶ್ನೆಯಿದೆ. ಫೋನಿನ ಮೇಲೆ ಬೆರಳಿಟ್ಟರೆ ಕೆಲವೇ ನಿಮಿಷಗಳಲ್ಲಿ ಒಬ್ಬ ಯುವಕ ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಲ್ಲುತ್ತಾನೆ. ಇಂತಹ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕದಲ್ಲಿ 2025ರಲ್ಲಿ ಒಂದು ಕಾನೂನೇ ಬಂದಿದೆ. ಆದರೆ ಇಂದಿನ ಈ ಸುರಿಮಳೆಯಲ್ಲಿ ಒಂದು ಪೊಟ್ಟಣ ಚಿಪ್ಸ್ ತರಿಸಬೇಕೇ ಬೇಡವೇ ಎಂಬುದನ್ನು ಯಾವ ಕಾನೂನೂ ತೀರ್ಮಾನಿಸಲಾರದು. ಅದನ್ನು ತೀರ್ಮಾನಿಸಬೇಕಾದವರು ನೀವೇ.

ನಮ್ಮಲ್ಲಿ ಮಳೆಯಾದರೆ ಬೇರೆ ನಾಡುಗಳಲ್ಲಿ ಹಿಮ. 2015ರ ಜನವರಿಯಲ್ಲಿ ಅಮೇರಿಕದ ನ್ಯೂಯಾರ್ಕ್ ನಗರದಲ್ಲಿ ಭಾರೀ ಹಿಮಬಿರುಗಾಳಿಯ ಮುನ್ಸೂಚನೆ ಬಂದಾಗ, ರಾತ್ರಿ 11ರಿಂದ ತುರ್ತು ಸೇವೆಯ ವಾಹನಗಳ ಹೊರತು ಬೇರಾವುದೂ ರಸ್ತೆಗಿಳಿಯಬಾರದೆಂದು ಆಜ್ಞೆಯಾಯಿತು. ಸೈಕಲಿನಲ್ಲಿ ಮನೆಮನೆಗೆ ಊಟ ಮುಟ್ಟಿಸುವುದು ತುರ್ತು ಸೇವೆಯಲ್ಲವೆಂದು ಅಲ್ಲಿನ ಮೇಯರ್ ಬಿಲ್ ಡಿ ಬ್ಲಾಸಿಯೋ ಸ್ಪಷ್ಟಪಡಿಸಿದರು. ನಗರದಲ್ಲಿ ಹಿಮ ಬಿದ್ದದ್ದು ಮುನ್ಸೂಚನೆಗಿಂತ ಬಹಳ ಕಡಿಮೆ. ಆದರೂ ಆ ಮಾತು ನೆನಪಿಡತಕ್ಕದ್ದು. ಒಬ್ಬನ ಹಸಿವು ಮತ್ತು ಇನ್ನೊಬ್ಬನ ಪ್ರಾಣ ಎರಡನ್ನೂ ತಕ್ಕಡಿಯಲ್ಲಿ ಇಟ್ಟಾಗ ಯಾವುದು ತೂಗಬೇಕೆಂದು ಅದು ಹೇಳುತ್ತದೆ. ಆದರೆ ಆ ರಾತ್ರಿ ಕೆಲಸ ತಪ್ಪಿದವನ ಸಂಪಾದನೆ ಏನಾಗಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಆ ಉತ್ತರವನ್ನು ನಮ್ಮ ಮನೆಯೊಳಗೇ ಹುಡುಕಬೇಕು. ನಿಮ್ಮ ಕೈಕೆಳಗೆ ದುಡಿಯುವವರು ನಿಮ್ಮ ಸಹೋದರರು, ಅವರ ಶಕ್ತಿಗೆ ಮೀರಿದ ಹೊರೆಯನ್ನು ಹೊರಿಸಬಾರದು, ಹೊರಿಸಿದರೆ ನೀವೂ ಅವರಿಗೆ ಕೈಜೋಡಿಸಬೇಕು ಎಂಬುದು ಪ್ರವಾದಿ(ಸ)ರವರ ಬೋಧನೆ. ಇದರ ಬೆಳಕಿನಲ್ಲಿ ನೋಡಿದರೆ ದಾರಿ ಅಷ್ಟೇನೂ ಕಠಿಣವಲ್ಲ. ಮೊದಲು, ಬೇಕಾದುದನ್ನೂ ಬಯಸಿದುದನ್ನೂ ಬೇರ್ಪಡಿಸಿರಿ. ಹಸುಗೂಸಿನ ಹಾಲು, ಮುದುಕರ ಔಷಧಿ ಕಾಯಲಾರವು. ನಾಲಗೆಯ ಚಪಲ ಕಾಯಬಲ್ಲದು. ಎರಡನೆಯದಾಗಿ, ಮಳೆಯಿಂದಾಗಿ ಮನೆಗೆಲಸದಾಕೆ ಬರಲಾಗದಿದ್ದರೆ ಆ ದಿನದ ಸಂಬಳವನ್ನು ಹಿಡಿಯಬೇಡಿರಿ. ಕೆಲಸವನ್ನು ತಪ್ಪಿಸಿ ಕೂಲಿಯನ್ನೂ ತಪ್ಪಿಸುವುದು ದಯೆಯಲ್ಲ. ಕೂಲಿಯನ್ನು ಕೊಟ್ಟು ಕೆಲಸವನ್ನು ಬಿಡಿಸುವುದು ದಯೆ. ಮೂರನೆಯದಾಗಿ, ಯಾರಾದರೂ ಬರಲೇಬೇಕಾಗಿ ಬಂದರೆ ತಡವಾಯಿತೆಂದು ಗದರಿಸದಿರಿ. ಒಣಗಿದ ಟವೆಲ್, ಒಂದು ಲೋಟ ಬಿಸಿ ಚಹಾ, ಮಳೆ ನಿಲ್ಲುವವರೆಗೆ ಜಗಲಿಯಲ್ಲಿ ಕೂರಲು ಒಂದು ಕುರ್ಚಿ, ಇವು ಸಂಬಳದ ಲೆಕ್ಕಕ್ಕೆ ಸೇರದ ಅವರ ಹಕ್ಕುಗಳು.

ಇನ್ನು, ನಿಮ್ಮ ಕೈಕಾಲು ಗಟ್ಟಿಯಾಗಿದ್ದರೆ ಕೊಡೆ ಹಿಡಿದು ನೀವೇ ಏಕೆ ಹೋಗಬಾರದು? ಖಲೀಫಾ ಉಮರ್(ರ)ರವರು ಒಂದು ಚಳಿಯ ರಾತ್ರಿ ಹಸಿದ ಮಕ್ಕಳಿದ್ದ ತಾಯಿಯೊಬ್ಬಳಿಗಾಗಿ ಹಿಟ್ಟಿನ ಚೀಲವನ್ನು ತಾವೇ ಹೊತ್ತು ನಡೆದರೆಂದು ಚರಿತ್ರೆಕಾರರು ಬರೆದಿದ್ದಾರೆ. ಜೊತೆಗಿದ್ದ ಸೇವಕರು ಹೊರಲು ಮುಂದಾದಾಗ, ಪರಲೋಕದಲ್ಲಿಯೂ ತನ್ನ ಹೊರೆಯನ್ನು ಅವರು ಹೊರಬಲ್ಲರೇ ಎಂದು ಕೇಳಿ ನಿರಾಕರಿಸಿದರಂತೆ. ಒಂದು ವಿಶಾಲ ಸಾಮ್ರಾಜ್ಯದ ಆಡಳಿತಗಾರನ ಹೆಗಲಿಗೆ ಹಿಟ್ಟಿನ ಚೀಲ ಅವಮಾನವಾಗದಿದ್ದರೆ ನಮ್ಮ ಕೈಗೆ ದಿನಸಿಯ ಚೀಲ ಹೇಗೆ ಅವಮಾನವಾದೀತು?

ಹೊರಡುವ ಮುನ್ನ ಒಂದು ಕೆಲಸ ಮಾಡಿರಿ. ಪಕ್ಕದ ಬಾಗಿಲನ್ನು ತಟ್ಟಿ, "ಅಜ್ಜೀ, ಅಂಗಡಿಗೆ ಹೋಗ್ತಾ ಇದೀನಿ, ಏನಾದರೂ ತರಬೇಕಿತ್ತಾ?" ಎಂದು ಕೇಳಿರಿ. ಆ ಬಾಗಿಲು ಹಿಂದೂವಿನದ್ದಾಗಿರಲಿ, ಮುಸ್ಲಿಮನದ್ದಾಗಿರಲಿ, ನೆರೆಮನೆ ನೆರೆಮನೆಯೇ. ಒಬ್ಬರು ಒದ್ದೆಯಾದರೆ ಮೂರು ಮನೆಯವರು ಬೆಚ್ಚಗಿರುತ್ತಾರೆ. ಕೇಳಲು ಸಂಕೋಚಪಡುವ ಒಂಟಿ ವೃದ್ಧೆಗೆ, ನೀವಾಗಿಯೇ ಕೇಳಿದ ಆ ಒಂದು ಮಾತು ನೀವು ತಂದುಕೊಡುವ ವಸ್ತುವಿಗಿಂತ ದೊಡ್ಡದು.

ಮುಂದಿನ ಸಲ ಮಾಡಿನ ಮೇಲೆ ಮಳೆ ಬಡಿಯುವಾಗ, ಬೆಚ್ಚಗೆ ಕುಳಿತು ಯಾರನ್ನಾದರೂ ಕೂಗಿ ಕರೆಯುವ ಮುನ್ನ ನಿಮ್ಮ ಮನಸ್ಸಿಗೆ ಈ ಪ್ರಶ್ನೆಯನ್ನು ಹಾಕಿಕೊಳ್ಳಿರಿ: ಈ ಕೆಲಸಕ್ಕಾಗಿ ಈ ಹೊತ್ತಿನಲ್ಲಿ ನನ್ನ ಸ್ವಂತ ಮಗನನ್ನು ನಾನು ಕಳಿಸುತ್ತಿದ್ದೆನೇ? ಕಳಿಸುವುದಿಲ್ಲವೆಂದಾದರೆ, ಇನ್ನೊಬ್ಬ ತಾಯಿಯ ಮಗನನ್ನೂ ಕಳಿಸದಿರಿ.