ಕೇಳುವ ಮೊದಲೇ ಕೊಟ್ಟ ನೀರು

ಬಿರುಬಿಸಿಲಲ್ಲಿ ನಡೆದು ಬಂದು ಒಂದು ಚೊಂಬು ನೀರನ್ನು ಗಟಗಟನೆ ಕುಡಿದರೆ ದಾಹ ಇಂಗಲು ಎಷ್ಟು ಹೊತ್ತು ಬೇಕು? ಒಂದೆರಡು ನಿಮಿಷ ಸಾಕು. ಆದರೆ ಕುಡಿದ ನೀರು ಕರುಳಿನಿಂದ ರಕ್ತಕ್ಕೆ ಸೇರಲು ಹತ್ತು ಹದಿನೈದು ನಿಮಿಷವಾದರೂ ಬೇಕು. ಅಂದರೆ ರಕ್ತ ಇನ್ನೂ ಗಟ್ಟಿಯಾಗಿಯೇ ಇರುವಾಗ ದಾಹ ತೀರಿಬಿಟ್ಟಿರುತ್ತದೆ. ಬಾಯಿ ತೋಯ್ದದ್ದನ್ನು, ಗಂಟಲು ನುಂಗಿದ್ದನ್ನು ಲೆಕ್ಕ ಹಾಕಿ ಮೆದುಳು ‘ನೀರು ಬಂತು, ಇನ್ನು ಸಾಕು’ ಎಂದು ಮುಂಚಿತವಾಗಿಯೇ ಒಪ್ಪಿಕೊಳ್ಳುತ್ತದೆ. ಇನ್ನೂ ಕೈಸೇರದ ನೀರನ್ನು ದೇಹ ನಂಬುತ್ತದೆ. ಈ ನಂಬಿಕೆ ನನ್ನನ್ನು ಬಹಳ ಕಾಲದಿಂದ ಕಾಡಿದೆ.

ದಾಹ ಹುಟ್ಟುವ ಬಗೆಯೂ ಅಷ್ಟೇ ನಾಜೂಕಿನದು. ರಕ್ತದಲ್ಲಿ ಲವಣದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಏರಿದರೆ ಸಾಕು, ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್‌ನ ಜೀವಕೋಶಗಳಿಗೆ ಅದು ತಿಳಿಯುತ್ತದೆ. ಒಂದು ಕಡೆ ಬಾಯಾರಿಕೆ ಏಳುತ್ತದೆ, ಇನ್ನೊಂದು ಕಡೆ ಮೂತ್ರಪಿಂಡಗಳಿಗೆ ‘ನೀರು ಹಿಡಿದಿಡಿ’ ಎಂಬ ಹಾರ್ಮೋನಿನ ಆಜ್ಞೆ ಹೋಗುತ್ತದೆ. ಆ ಎರಡು ಪುಟ್ಟ ಅಂಗಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೆರಡು ಲೀಟರ್ ಮಾತ್ರ ಹೊರಗೆ ಬಿಟ್ಟು, ಉಳಿದದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತವೆ. ಇಷ್ಟು ಎಚ್ಚರದ ಕಾವಲಿರುವಾಗ ದಿನಕ್ಕೆ ಎಂಟು ಲೋಟ ಎಂಬ ನಿಯಮವನ್ನು ಎಲ್ಲರ ತಲೆಗೂ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಅನ್ನ, ಸಾರು, ಮಜ್ಜಿಗೆ, ಹಣ್ಣು, ತರಕಾರಿ ಎಲ್ಲದರಲ್ಲೂ ನೀರಿದೆ. ಅಮೆರಿಕದ ಆಹಾರ ಮಂಡಳಿ 1945ರಲ್ಲಿ ಎರಡೂವರೆ ಲೀಟರ್ ಎಂದು ಹೇಳಿದಾಗಲೂ, ಅದರಲ್ಲಿ ಬಹುಪಾಲು ನಾವು ತಿನ್ನುವ ಆಹಾರದಲ್ಲೇ ಇದೆ ಎಂದು ಜೊತೆಗೇ ಹೇಳಿತ್ತು. ಅಂಕಿ ಉಳಿಯಿತು, ಮುಂದಿನ ಮಾತು ಉದುರಿಹೋಯಿತು. ಆರೋಗ್ಯವಾಗಿರುವ, ಬೇಕೆಂದಾಗ ಎದ್ದು ನೀರು ಕುಡಿಯಬಲ್ಲ ವಯಸ್ಕರಿಗೆ ಸಾಮಾನ್ಯ ದಿನಗಳಲ್ಲಿ ಬಾಯಾರಿಕೆಯೇ ಸಾಕಷ್ಟು ಒಳ್ಳೆಯ ಗುರು.

ಆದರೆ ‘ಬೇಕೆಂದಾಗ’ ಎಂಬ ಆ ಮಾತಿನ ಹೊರಗೆ ಎಷ್ಟೊಂದು ಜನರಿದ್ದಾರೆ! ಬಾಯಾರಿಕೆ ತೀರಾ ಖಾಸಗಿ ಅನುಭವ, ನನ್ನ ದಾಹ ನನಗಲ್ಲದೆ ಇನ್ನಾರಿಗೆ ತಿಳಿದೀತು ಎಂದು ನಾವು ಭಾವಿಸುತ್ತೇವೆ. ನೀರು ಅತ್ಯಂತ ಅಗತ್ಯವಾಗಿ ಬೇಕಾದವರನ್ನು ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ.

ಮೊದಲು ಮುದುಕರು. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ವೃದ್ಧರನ್ನೂ ತರುಣರನ್ನೂ 24 ಗಂಟೆ ನೀರಿಲ್ಲದೆ ಇರಿಸಿದ್ದರು. ವೃದ್ಧರ ರಕ್ತವೇ ಹೆಚ್ಚು ಗಟ್ಟಿಯಾಗಿತ್ತು. ಆದರೂ ಬಾಯಾರಿಕೆ ಅಷ್ಟಾಗಿ ಇಲ್ಲ ಎಂದವರು ಅವರೇ. ನೀರು ಮುಂದಿಟ್ಟಾಗ ಕಡಿಮೆ ಕುಡಿದವರೂ ಅವರೇ. ಜೀವಮಾನವಿಡೀ ಕಾಪಾಡಿದ ಕಾವಲುಗಾರನಿಗೆ ಕೊನೆಗಾಲದಲ್ಲಿ ಜೊಂಪು ಹತ್ತುತ್ತದೆ. ಇದರ ಜೊತೆಗೆ ಬೇರೆ ಲೆಕ್ಕಾಚಾರಗಳೂ ಸೇರುತ್ತವೆ. ಸಂಜೆ ನೀರು ಕುಡಿದರೆ ರಾತ್ರಿ ಬಚ್ಚಲಿಗೆ ಏಳಬೇಕು, ಕತ್ತಲಲ್ಲಿ ಜಾರಿ ಬಿದ್ದರೆ ಗತಿಯೇನು, ಮಗನನ್ನೋ ಸೊಸೆಯನ್ನೋ ಎಬ್ಬಿಸುವುದು ಹೇಗೆ. ಹೀಗೆ ಯಾರಿಗೂ ಹೇಳದೆ ಅಜ್ಜಿ ತನ್ನ ಲೋಟವನ್ನು ಅರ್ಧಕ್ಕೆ ಇಳಿಸಿರುತ್ತಾಳೆ. ಬೇಸಿಗೆಯ ಒಂದು ಮಧ್ಯಾಹ್ನ ಅವಳ ಮಾತು ತೊದಲುತ್ತದೆ, ನಿಂತರೆ ತಲೆ ಸುತ್ತುತ್ತದೆ, ಮೊಮ್ಮಗಳ ಹೆಸರು ಮರೆಯುತ್ತದೆ. ಮನೆಯವರು ‘ವಯಸ್ಸಾಯಿತಲ್ಲ’ ಎನ್ನುತ್ತಾರೆ. ಎಷ್ಟೋ ಸಲ ಅದು ವಯಸ್ಸಲ್ಲ, ನೀರು ಕಡಿಮೆಯಾದದ್ದು. ‘ನೀರು ಬೇಕಾ ಅಜ್ಜಿ?’ ಎಂದು ಕೇಳಿದರೆ ‘ಬೇಡ ಕಣಮ್ಮ’ ಎಂದೇ ಉತ್ತರ ಬರುತ್ತದೆ, ಮತ್ತು ಅದು ಸುಳ್ಳಲ್ಲ. ಅವಳಿಗೆ ನಿಜವಾಗಿಯೂ ಬೇಕೆನಿಸಿರುವುದಿಲ್ಲ. ಹೃದಯದ, ಮೂತ್ರಪಿಂಡದ ತೊಂದರೆಯಿದ್ದು ವೈದ್ಯರು ಮಿತಿ ಹಾಕಿದ್ದರೆ ಆ ಮಾತು ಬೇರೆ. ಉಳಿದವರ ವಿಷಯದಲ್ಲಿ ಕೇಳುವುದನ್ನು ಬಿಟ್ಟು ಲೋಟವನ್ನು ಕೈಗೇ ಕೊಡಬೇಕು. ರಾತ್ರಿ ಬಚ್ಚಲ ದಾರಿಯ ದೀಪ ಉರಿಯುತ್ತಿರಬೇಕು.

ಇನ್ನು ಕೆಲವರ ದಾಹ ಮಂಕಾಗಿರುವುದಿಲ್ಲ, ಅದನ್ನು ಅದುಮಿಡಬೇಕಾಗಿರುತ್ತದೆ. ಹೊಲದಲ್ಲಿ ಕಳೆ ಕೀಳುವ ಹೆಂಗಸರು, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಗಂಟೆಗಿಷ್ಟು ಪೀಸ್ ಎಂದು ಹೊಲಿಯುವವರು, ದೂರದ ರೂಟಿನ ಬಸ್ಸಿನಲ್ಲಿ ಟಿಕೆಟ್ ಹರಿಯುವ ಮಹಿಳಾ ಕಂಡಕ್ಟರ್‌ಗಳು, ಬೀದಿ ಗುಡಿಸುವವರು: ಇವರಲ್ಲಿ ಬೆಳಿಗ್ಗೆ ಮನೆ ಬಿಡುವಾಗಲೇ ನೀರು ಕುಡಿಯುವುದನ್ನು ನಿಲ್ಲಿಸುವವರು ಎಷ್ಟು ಮಂದಿ! ಕಾರಣ ನೀರಿಲ್ಲವೆಂದಲ್ಲ, ಕುಡಿದ ಮೇಲೆ ಹೋಗಲು ಜಾಗವಿಲ್ಲವೆಂದು. ಮೂತ್ರ ಕಟ್ಟಿಕೊಂಡೇ ಕಳೆದ ವರ್ಷಗಳು ಉರಿಮೂತ್ರವಾಗಿ, ಕೆಲವರಲ್ಲಿ ಕಲ್ಲಾಗಿ ಆಸ್ಪತ್ರೆಗೆ ಬಂದಾಗ, ‘ಚೆನ್ನಾಗಿ ನೀರು ಕುಡೀರಮ್ಮ’ ಎಂಬ ಸಲಹೆ ಸಿಗುತ್ತದೆ. ಆ ಸಲಹೆ ವೈದ್ಯಶಾಸ್ತ್ರಕ್ಕೆ ಸರಿ. ಆದರೆ ಅದು ತಲುಪಬೇಕಾದ್ದು ಅವಳ ಕಿವಿಗಲ್ಲ.

2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳಿಗೆ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಕ್ರಮ ಬಂತು. ಅದೇ ವರ್ಷ ಕರ್ನಾಟಕದಲ್ಲೂ ‘ವಾಟರ್ ಬೆಲ್’ ಆದೇಶವಾಯಿತು. ನನಗೆ ಅದು ತುಂಬ ಮೆಚ್ಚುಗೆಯಾದ ಯೋಚನೆ. ಆಟದ ಗುಂಗಿನಲ್ಲಿ ಮಗು ದಾಹವನ್ನು ಮರೆಯುತ್ತದೆ, ತರಗತಿಯಲ್ಲಿ ಎದ್ದು ಕೇಳಲು ಅಂಜುತ್ತದೆ. ಗಂಟೆ ಅದರ ಪರವಾಗಿ ಕೇಳುತ್ತದೆ. ಆದರೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಜಡಿದಿದ್ದರೆ, ಅಲ್ಲಿ ನಲ್ಲಿ ಬರಡಾಗಿದ್ದರೆ, ಬಾಟಲಿ ತುಂಬಿದ್ದಂತೆಯೇ ಮನೆಗೆ ಮರಳುತ್ತದೆ.

ದಾಹವಿದ್ದೂ, ಬಾಯಿ ಬಿಟ್ಟು ಕೇಳಿಯೂ ನೀರು ಸಿಗದವರ ಕಥೆ ಎಲ್ಲಕ್ಕಿಂತ ಭಾರವಾದದ್ದು. ಅಂಬೇಡ್ಕರ್ ತಮ್ಮ ನೆನಪುಗಳ ಬರಹ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ 1901ರ ಸುಮಾರಿನ, ತಮ್ಮ ಬಾಲ್ಯದ ಒಂದು ಪ್ರಯಾಣವನ್ನು ನೆನೆಯುತ್ತಾರೆ. ತಂದೆಯನ್ನು ಕಾಣಲು ಹೊರಟ, ‘ಅಸ್ಪೃಶ್ಯ’ರೆನಿಸಿಕೊಂಡ ಹುಡುಗರು ಮಸೂರ್ ನಿಲ್ದಾಣದಲ್ಲಿ ಇಳಿದು ಎತ್ತಿನ ಗಾಡಿ ಹಿಡಿದಿದ್ದರು. ಬುತ್ತಿಯ ತುಂಬ ಊಟವಿತ್ತು, ಕುಡಿಯಲು ನೀರಿರಲಿಲ್ಲ. ಸುಂಕದ ಕಟ್ಟೆಯಲ್ಲಿ ಕೇಳಿದರೂ ಸಿಗಲಿಲ್ಲ. ಅನ್ನ ಮುಂದಿದ್ದೂ ಆ ಮಕ್ಕಳು ಹಸಿದೇ ಮಲಗಿದರು. ಮುಂದೆ 1927ರ ಮಾರ್ಚ್ 20ರಂದು ಆ ಹುಡುಗರಲ್ಲೊಬ್ಬರಾದ ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗಿಳಿದು ಬೊಗಸೆಯಲ್ಲಿ ನೀರೆತ್ತಿ ಕುಡಿದಾಗ, ಸಾವಿರಾರು ಜನ ಅವರ ಹಿಂದೆಯೇ ಇಳಿದರು. ಆ ಬಳಿಕ ಕೆರೆಯನ್ನು ‘ಶುದ್ಧಿ’ ಮಾಡಿದವರೂ ಈ ನೆಲದವರೇ.

ಮನೆಗೆ ಬಂದವರಿಗೆ ಕುಶಲ ಕೇಳುವ ಮೊದಲೇ ಬೆಲ್ಲ, ನೀರು ತಂದಿಡುವ ಪದ್ಧತಿ ನಮ್ಮಲ್ಲಿದೆ. ‘ಬಾಯಾರಿಕೆಯೇ?’ ಎಂದು ಯಾರೂ ವಿಚಾರಿಸುವುದಿಲ್ಲ. ಅರವಟ್ಟಿಗೆಗೆಂದು ದತ್ತಿ ಬಿಟ್ಟ ಉಲ್ಲೇಖಗಳು ನಮ್ಮ ಶಾಸನಗಳಲ್ಲೂ ಸಿಗುತ್ತವೆ. ನಾಳೆ ಆ ದಾರಿಯಲ್ಲಿ ಯಾರು ಬರುತ್ತಾರೋ ತಿಳಿಯದೆ, ಅವರ ದಾಹವನ್ನು ಇಂದೇ ಊಹಿಸಿ ಮಾಡಿದ ಏರ್ಪಾಡು ಅದು. ಆದರೆ ಎಲ್ಲರ ಕೈಗೂ ಒಂದೇ ಲೋಟ ಸಿಗಲಿಲ್ಲ. ಕೆಲವರ ಬೊಗಸೆಗೆ ಮೇಲಿನಿಂದಲೇ ನೀರು ಸುರಿಯಲಾಯಿತು. ಊಹೆ ಅಷ್ಟು ವಿಶಾಲವಾಗಿದ್ದೂ ಕೈ ಯಾಕೆ ಹಿಂಜರಿಯಿತು ಎಂಬ ಪ್ರಶ್ನೆಗೆ ನನ್ನಲ್ಲಿ ಸಮಾಧಾನವಾಗುವ ಉತ್ತರವಿಲ್ಲ.

ಪ್ರತಿ ಬೇಸಿಗೆಯಲ್ಲೂ ‘ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ’ ಎಂಬ ಸೂಚನೆ ಹೊರಡುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಅದು ಜೀವ ಉಳಿಸುವ ಮಾತು. ಆ ಸೂಚನೆಯನ್ನು ಕಟ್ಟಡ ಕೆಲಸದ ಮೇಸ್ತ್ರಿಯ ಹೆಸರಿಗೆ ಬರೆಯಬೇಕು: ನೆರಳು ಎಲ್ಲಿದೆ, ಕೊಡ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಕೇಳಿ. ಕಾರ್ಖಾನೆಯ ಸೂಪರ್‌ವೈಸರ್‌ಗೆ ಬರೆಯಬೇಕು: ಶೌಚಕ್ಕೆ ಎದ್ದು ಹೋದ ಐದು ನಿಮಿಷವನ್ನು ಟಾರ್ಗೆಟ್‌ನಿಂದ ಕಳೆಯುತ್ತೀರೋ ಇಲ್ಲವೋ ಎಂದು ಕೇಳಿ. ಹೆಡ್‌ಮಾಸ್ತರರಿಗೆ ಬರೆಯಬೇಕು: ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿ.