ಇಂದಿನ ಚಿಂತನೆ: ಎರಡು ‘ಆಗಲ್ಲ’ಗಳು



ದಸರಾ ರಜೆಯಲ್ಲಿ ನಾವು ನಾಲ್ಕು ಕುಟುಂಬದವರು ಉಡುಪಿ ಕಡೆಗೆ ಹೋಗಿದ್ದೆವು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ ನೋಡಬೇಕೆಂಬುದು ಮಕ್ಕಳ ಆಸೆ. ಅದನ್ನು ಹುಟ್ಟಿಸಿದವನೂ ನಾನೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರುಕುಬಿಟ್ಟು, ಬಹುಮಟ್ಟಿಗೆ ಆರು ಮೂಲೆಯ ಕಂಬಗಳಾಗಿ ನಿಂತ ಜಾಗ ಅದು. ಶಿಲ್ಪಿ ಕಡೆದದ್ದಲ್ಲ, ದೇವರು ನಿಲ್ಲಿಸಿದ್ದೂ ಅಲ್ಲ. ಪಟಿಚ್ಚಸಮುಪ್ಪಾದ ಕಲಿಸಲು ಇದಕ್ಕಿಂತ ಒಳ್ಳೆಯ ಕಪ್ಪುಹಲಗೆ ಎಲ್ಲಿದೆ ಎಂದುಕೊಂಡಿದ್ದೆ.

ಅವತ್ತು ಬೆಳಿಗ್ಗೆ ಒಂದು ವಸತಿಗೃಹಕ್ಕೆ ಹೋದೆವು. ಫೋನಿನಲ್ಲಿ ಕೋಣೆ ಹೇಳಿಟ್ಟಿದ್ದೆವು. ಗಲ್ಲದ ಮೇಲಿದ್ದವರು ಹೊರಗೆ ಬಂದು ನಮ್ಮ ವ್ಯಾನಿನ ಗಾಜಿನ ಮೇಲಿದ್ದ ಬಾಬಾಸಾಹೇಬರ ಚಿತ್ರ ನೋಡಿದರು. “ನೀವು ಯಾವ ಪೈಕಿ?” ಅಂದರು. ಆಮೇಲೆ, “ಕೋಣೆ ಖಾಲಿ ಇಲ್ಲ, ಆಗಲ್ಲ.” ನಾವು ಚೀಲ ಎತ್ತಿಕೊಳ್ಳುವಷ್ಟರಲ್ಲೇ ನಮ್ಮ ಹಿಂದೆ ಬಂದ ಇನ್ನೊಬ್ಬರಿಗೆ ಬೀಗದ ಕೈ ಸಿಕ್ಕಿತು. ಮಕ್ಕಳ ಮುಂದೆ ಜಗಳ ಬೇಡವೆಂದು ನಾನು ಸುಮ್ಮನೆ ಹೊರಟುಬಂದೆ.

ಮಧ್ಯಾಹ್ನ ದೋಣಿ ಹತ್ತುವಾಗಲೇ ಪಶ್ಚಿಮದ ಕಡೆ ಆಕಾಶ ಇದ್ದಿಲಿನಂತಿತ್ತು. ಒಬ್ಬ ಹುಡುಗ ಮೈಕ್ ಹಿಡಿದು ದ್ವೀಪದ ಕಥೆ ಹೇಳುತ್ತಿದ್ದ. ವಾಸ್ಕೋ ಡ ಗಾಮ ಬಂದಿದ್ದನೆಂಬ ಹಳೆಯ ಐತಿಹ್ಯವೂ ಅದರಲ್ಲಿತ್ತು. ಅರ್ಧ ದಾರಿಯಲ್ಲಿ ಗಾಳಿ ತಿರುಗಿತು. ಮಳೆ ಅಡ್ಡಡ್ಡ ಹೊಡೆಯಿತು. ಹುಡುಗ ಮೈಕ್ ಕೆಳಗಿಟ್ಟು ಚುಕ್ಕಾಣಿ ಹಿಡಿದವರ ಜೊತೆ ತುಳುವಿನಲ್ಲಿ ಏನೋ ಮಾತಾಡಿದ. ದೋಣಿ ವಾಲುತ್ತಾ ತಿರುಗತೊಡಗಿತು.

“ಮುಂದೆ ಹೋಗಲು ಆಗಲ್ಲ,” ಅಂದ.

ಮತ್ತೆ ಅದೇ ಪದ. ದುಡ್ಡು ಕೊಟ್ಟಿದ್ದೇವೆ ಎಂದು ಹಲವರು ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. “ನಮ್ಮನ್ನು ನೋಡಿ ಹೀಗೆ ಮಾಡ್ತಿದೀಯೇನೋ?” ಅಂದುಬಿಟ್ಟೆ. ಏಕವಚನದಲ್ಲಿ. ಅವನಿಗೆ ಅರ್ಥವೇ ಆಗಲಿಲ್ಲ. ದ್ವೀಪದ ಹತ್ತಿರ ನೀರು ತೆಳು, ಕೆಳಗೆ ಬಂಡೆ. ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ಇಳಿಯಬೇಕು. ಈ ಅಲೆಯಲ್ಲಿ ಮಕ್ಕಳನ್ನು ಹೇಗೆ ದಾಟಿಸಲಿ ಸಾರ್, ಎಂದು ನನಗೆ ವಿವರಿಸಿದ. ಅವನ ಕೈ ನಡುಗುತ್ತಿತ್ತು. ಅಲೆಗೆ ಹೆದರಿಯೋ ನನಗೆ ಹೆದರಿಯೋ, ಗೊತ್ತಾಗಲಿಲ್ಲ.

‘ಆಗಲ್ಲ’ ಎಂಬ ಪದ ನಮ್ಮ ಕಿವಿಗೆ ಬರೀ ಪದವಲ್ಲ. 1934ರಲ್ಲಿ ಬಾಬಾಸಾಹೇಬರು ಸಂಗಾತಿಗಳೊಂದಿಗೆ ಪ್ರವಾಸ ಹೊರಟು ದೌಲತಾಬಾದ್ ಕೋಟೆಗೆ ಹೋದದ್ದು ನಿಮಗೆ ಗೊತ್ತಿದೆ. ಬಾಗಿಲ ಬಳಿಯ ಕೊಳದಲ್ಲಿ ಧೂಳು ಮುಖ ತೊಳೆದದ್ದಕ್ಕೆ ನೀರು ಮೈಲಿಗೆಯಾಯಿತೆಂದು ಜನ ಮುತ್ತಿಕೊಂಡರು. ಕೊನೆಗೆ ಒಳಗೆಲ್ಲೂ ನೀರು ಮುಟ್ಟದಂತೆ ಕಾವಲಿಗೆ ಒಬ್ಬ ಸಿಪಾಯಿಯನ್ನು ಜೊತೆಗೆ ಕಳಿಸಿದರು. ಅವರೂ ನಮ್ಮಂತೆ ಊರು ನೋಡಲು ಹೋದವರೇ. ಇಂಥ ನೆನಪಿರುವ ಜನ ಪ್ರತಿಯೊಂದು ‘ಆಗಲ್ಲ’ವನ್ನೂ ಅನುಮಾನಿಸುವುದು ತಪ್ಪಲ್ಲ. ಆ ಅನುಮಾನ ನಮ್ಮನ್ನು ಎಷ್ಟೋ ಸಲ ಕಾಪಾಡಿದೆ. ಅದನ್ನು ಬಿಟ್ಟುಬಿಡಿ ಎಂದು ಉಪದೇಶ ಮಾಡುವವರ ಬಗ್ಗೆ ನನಗೆ ಗೌರವವಿಲ್ಲ.

ಆದರೆ ಕೇಸಪುತ್ತದ ಕಾಲಾಮರಿಗೆ ಭಗವಾನರು ಹೇಳಿದ ಪಟ್ಟಿಯನ್ನು ಮತ್ತೆ ನೋಡಿ. ಪರಂಪರೆ ಎಂದು ನಂಬಬೇಡಿ, ಗ್ರಂಥದಲ್ಲಿದೆ ಎಂದು ನಂಬಬೇಡಿ, ಇವನ್ನು ನಾವು ಸಭೆಗಳಲ್ಲಿ ಚೆನ್ನಾಗಿಯೇ ಹೇಳುತ್ತೇವೆ. ಅದೇ ಪಟ್ಟಿಯಲ್ಲಿ ಇನ್ನೊಂದಿದೆ: ನಾವು ಮೊದಲೇ ಒಪ್ಪಿಕೊಂಡ ಅಭಿಪ್ರಾಯಕ್ಕೆ ಹೊಂದುತ್ತದೆ ಎಂಬ ಕಾರಣಕ್ಕೂ ನಂಬಬೇಡಿ. ಇದನ್ನು ನಾನು ಎಷ್ಟೋ ಸಲ ಓದಿ ದಾಟಿಹೋಗಿದ್ದೆ. ಆ ದೋಣಿಯಲ್ಲಿ ಎಲ್ಲ ಜಾತಿಯವರೂ ಇದ್ದರು, ಎಲ್ಲರೂ ಒಟ್ಟಿಗೇ ವಾಪಸಾಗುತ್ತಿದ್ದರು. ಎದುರಿಗೆ ಸಮುದ್ರ ಕಾಣುತ್ತಿತ್ತು. ನನಗೆ ಮಾತ್ರ ಬೆಳಗಿನ ಗಲ್ಲಾಪೆಟ್ಟಿಗೆ ಕಾಣುತ್ತಿತ್ತು.

ಇಳಿಯುವಾಗ ಆ ಹುಡುಗ ಒಬ್ಬೊಬ್ಬ ಮಗುವನ್ನೂ ಎರಡೂ ಕೈಯಲ್ಲಿ ಹಿಡಿದು ದಡಕ್ಕೆ ಇಳಿಸಿದ. ನಾನು ತಪ್ಪಾಯಿತು ಎಂದೆ. “ಇರಲಿ ಸಾರ್, ದಿನಾ ಬೈತಾರೆ,” ಅಂದ.

ರಾತ್ರಿ ವ್ಯಾನಿನಲ್ಲಿ ಎಲ್ಲರೂ ಮಲಗಿದ್ದರು. ಎಂಟನೇ ತರಗತಿಯ ನನ್ನ ಮಗಳು ಮಾತ್ರ ಎಚ್ಚರವಿದ್ದಳು. “ಅಪ್ಪಾ, ಬೆಳಿಗ್ಗೆ ಆ ಲಾಡ್ಜಿನವರಿಗೆ ಯಾಕೆ ಬೈಯಲಿಲ್ಲ?” ಅಂದಳು.

ವಸತಿಗೃಹದವರ ಮೇಲೆ ದೂರು ಬರೆದು ಮೂರು ದಿನವಾಯಿತು. ಮೇಜಿನ ಮೇಲಿದೆ. ಇವತ್ತು ಶಾಲೆ ಬಿಟ್ಟ ಮೇಲೆ ಅಂಚೆ ಕಚೇರಿಗೆ ಹೋಗುತ್ತೇನೆ.

ಜೈ ಭೀಮ್.